ಬ್ರಿಲಿಯಂಟ್ ಯೆಲ್ಲೋ: ಮೂರು ವರ್ಷ, ಮೂರು ಮಳೆಗಾಲ

ಬೆಳಕು ಬಿದ್ದರೆ ಬಾಗುವ ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಸಾಲಾಗಿ ನಿಲ್ಲಬಲ್ಲ ವಸ್ತು) ಪಾಲಿಮರ್ ಫಿಲ್ಮ್ ಮಾಡುವುದು ನನ್ನ ಪಿಎಚ್‌ಡಿ ಕೆಲಸ. ಅಣುಗಳು ಸಾಲಾಗಿಲ್ಲದ ಫಿಲ್ಮ್ ಬೆಳಕಿನ ಪೋಲರೈಸೇಷನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಯಾವ ಕಡೆಯೋ ಆ ಕಡೆ ಬಾಗುತ್ತದೆ. 2003ರಲ್ಲಿ ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಕೆಡಾ ತಂಡ ತೋರಿಸಿದ್ದು ಅದನ್ನೇ. ನನಗೆ ಬೇಕಿದ್ದದ್ದು ನಾನು ಹೇಳಿದ ಕಡೆಗೇ ಬಾಗುವ ಫಿಲ್ಮ್.

ಅದಕ್ಕೆ ಅಣುಗಳು ಸಾಲಾಗಿ ನಿಲ್ಲಬೇಕು. ಮೊದಲು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಚ್ಚಿದ ಗಾಜನ್ನು ವೆಲ್ವೆಟ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಿದ್ದೆ. ಎಷ್ಟು ಜೋಪಾನ ಮಾಡಿದರೂ ಧೂಳು, ಬಟ್ಟೆಯ ಎಳೆ, ಗೀರು.

ಈಗ ಬಳಸುವುದು ಬ್ರಿಲಿಯಂಟ್ ಯೆಲ್ಲೋ ಎಂಬ ಡೈ. ಈ ಹಳದಿ ಪುಡಿಗೆ ಉಜ್ಜುವ ಕೆಲಸವೇ ಇಲ್ಲ. ಡಿಎಂಎಫ್ ಎಂಬ ದ್ರಾವಕದಲ್ಲಿ ಶೇ 1ರಷ್ಟು ಕರಗಿಸಿ, ಸೋಸಿ, ಸ್ಪಿನ್ ಕೋಟ್ ಮಾಡಿ (ಗಾಜನ್ನು ವೇಗವಾಗಿ ತಿರುಗಿಸಿ ತೆಳುವಾಗಿ ಹರಡಿ) ಒಣಗಿಸುತ್ತೇನೆ. ಆಮೇಲೆ ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಮೂಲಕ ನೀಲಿ ಎಲ್‌ಇಡಿ ಬೆಳಕು. ಡೈ ಅಣುಗಳು ಪೋಲರೈಸೇಷನ್‌ಗೆ ಅಡ್ಡಲಾಗಿ ತಿರುಗಿ ನಿಲ್ಲುತ್ತವೆ, ಲಿಕ್ವಿಡ್ ಕ್ರಿಸ್ಟಲ್ ಅವುಗಳ ಹಿಂದೆಯೇ ಹೋಗುತ್ತದೆ. ದಿಕ್ಕು ತಪ್ಪಾಯಿತಾ? ಸೆಲ್ (ಎರಡು ಗಾಜುಗಳ ನಡುವಿನ ಕಿರಿದಾದ ಜಾಗ) ತುಂಬಿಸುವ ಮೊದಲು ಪೋಲರೈಸರ್ ತಿರುಗಿಸಿ ಮತ್ತೆ ಬೆಳಕು ಬಿಟ್ಟರೆ ಸಾಕು. ಒಂದು ಸಣ್ಣ ಬಾಟಲಿ ಇನ್ನೂ ಅರ್ಧ ಖಾಲಿಯಾಗಿಲ್ಲ.

ಸೆಲ್ ತುಂಬಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗೆ ಮಾಡಿ, ಒಂದಕ್ಕೊಂದು ಅಡ್ಡ ಹಿಡಿದ ಎರಡು ಪೋಲರೈಸರ್ ನಡುವೆ ಇಡುತ್ತೇನೆ. ಅಣುಗಳ ಸಾಲು ಸರಿಯಾಗಿದ್ದರೆ ಪೂರ್ತಿ ಕತ್ತಲು. ಸೆಲ್ಲನ್ನು ಮೆಲ್ಲಗೆ 45 ಡಿಗ್ರಿ ತಿರುಗಿಸಿದರೆ ಪೂರ್ತಿ ಬೆಳಕು. ಈ ಗಳಿಗೆಗೋಸ್ಕರ ಸಂಜೆ ಎಷ್ಟು ಹೊತ್ತಾದರೂ ಲ್ಯಾಬಿನಲ್ಲಿ ಕೂರುತ್ತೇನೆ.

ಬೆಂಗಳೂರಿನ ಮೊದಲ ಮಳೆಗಾಲ ಮಾತ್ರ ನನ್ನನ್ನು ಅಳಿಸಿಬಿಟ್ಟಿತು. ಕತ್ತಲಿರಬೇಕಾದ ಕಡೆ ಮಬ್ಬು ಬೂದು ಬಣ್ಣ. ಎಲ್‌ಇಡಿ ಬದಲಿಸಿದೆ, ಹೊಸ ಗಾಜು ತಂದೆ, ಏನೂ ಆಗಲಿಲ್ಲ. ವಾರಗಟ್ಟಲೆ ಕೂತು ನಾವೇ ತಯಾರಿಸಿದ ಮಾನೊಮರ್ (ಪಾಲಿಮರ್ ಆಗುವ ಮೂಲ ವಸ್ತು) ಸುಮ್ನೆ ಹಾಳಾಯಿತು. ಎರಡು ತಿಂಗಳಾದ ಮೇಲೆ ಗೋಡೆಯ ಮೀಟರ್ ಕಡೆ ಕಣ್ಣು ಹೋಯಿತು. ಗಾಳಿಯಲ್ಲಿ ತೇವ ಶೇ 78! ತೇವ ಜಾಸ್ತಿಯಾದರೆ ಈ ಡೈ ಸರಿಯಾಗಿ ತಿರುಗುವುದೇ ಇಲ್ಲ. ಬಾಟಲಿಯ ಮೇಲೆ ಇದರ ಸುಳಿವೇ ಇರಲಿಲ್ಲ.

ಒಣ ಗಾಳಿಯ ಮುಚ್ಚಿದ ಪೆಟ್ಟಿಗೆ, ಅಂದರೆ ಗ್ಲೌವ್ ಬಾಕ್ಸ್, ನಮ್ಮ ಬಜೆಟ್‌ಗೆ ಆಗದ ಮಾತು. ಅಕ್ರಿಲಿಕ್ ಶೀಟಿನ ಡಬ್ಬಿ ಮಾಡಿಸಿ, ಸಿಲಿಕಾ ಜೆಲ್ ತುಂಬಿ, ಒಣ ನೈಟ್ರೋಜನ್ ಬಿಟ್ಟೆ. ಈಗ ಕೋಟಿಂಗ್‌ನಿಂದ ನೀಲಿ ಬೆಳಕಿನವರೆಗೆ ಎಲ್ಲ ಅದರೊಳಗೇ, ಶೇ 40ಕ್ಕಿಂತ ಕಡಿಮೆ ತೇವದಲ್ಲಿ. ಇನ್ನೊಂದು ಮಾತು: ಫಿಲ್ಮ್ ಗಟ್ಟಿ ಮಾಡಲು ಯುವಿ ಬೇಡ. ಫಿಲ್ಮ್ ಬಾಗುವಂತೆ ಮಾಡುವ ಅಜೋಬೆಂಜೀನ್ ಅಣು ಯುವಿಗೆ ಡೊಂಕಾಗಿ ಸಾಲು ಕೆಡುತ್ತದೆ. ಹಸಿರು ಬೆಳಕಿಗೆ ಕೆಲಸ ಮಾಡುವ ಇನಿಷಿಯೇಟರ್ (ಗಟ್ಟಿಯಾಗುವ ಕ್ರಿಯೆ ಶುರುಮಾಡುವ ರಾಸಾಯನಿಕ) ತಗೊಳ್ಳಿ.

ಕಳೆದ ಜುಲೈನಲ್ಲಿ, ಹೊರಗೆ ಮಳೆ ಸುರಿಯುತ್ತಿದ್ದಾಗ, ಡಬ್ಬಿಯೊಳಗೆ ಕೋಟ್ ಮಾಡಿದ ಗಾಜಿನಿಂದ ಬಿಡಿಸಿದ ಪಟ್ಟಿಗೆ 365 ನ್ಯಾನೊಮೀಟರ್ ಯುವಿ ಬೆಳಕು ಬಿಟ್ಟೆ. ಅಣುಗಳ ಸಾಲಿನ ದಿಕ್ಕಿಗೇ ಬಾಗಿತು. ಹಸಿರು ಬೆಳಕು ಬಿಟ್ಟೆ, ಮತ್ತೆ ನೆಟ್ಟಗಾಯಿತು.