ಜೆಲ್ಲಾ, ಜೋನಿ ಬೆಲ್ಲವಾ? ಉದ್ದದ ಓಟದಲ್ಲಿ ತಿಂದು ನೋಡಿದ್ದು

2024ರ ಆಗಸ್ಟ್‌ನಿಂದ ನವೆಂಬರ್ ತನಕ ಪ್ರತಿ ಭಾನುವಾರ ನನ್ನ ಸೊಂಟದ ಬೆಲ್ಟಿನಲ್ಲಿ ಬೇರೆ ಬೇರೆ ತಿನಿಸು ಇರುತ್ತಿತ್ತು. ಒಂದು ವಾರ ಖರ್ಜೂರ, ಇನ್ನೊಂದು ವಾರ ಜೆಲ್ (ಓಟಗಾರರು ಸ್ಯಾಶೆಯಿಂದ ಹಿಂಡಿ ನುಂಗುವ ಗಟ್ಟಿ ಸಕ್ಕರೆ ಪಾಕದಂಥದ್ದು), ಮತ್ತೊಂದು ವಾರ ಬಾಳೆಹಣ್ಣು. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೆ. ಅದಕ್ಕೆ ಮುಂಚೆ ಓಡಿದ ಮ್ಯಾರಥಾನ್‌ನಲ್ಲಿ 31ನೇ ಕಿಲೋಮೀಟರ್‌ಗೆ ಕಾಲು ಪೂರ್ತಿ ನಿಂತೇ ಹೋಗಿತ್ತು. ಉಳಿದ 11 ಕಿಲೋಮೀಟರ್ ನಡೆದು ಮುಗಿಸಿದ್ದೆ. ತರಬೇತಿ ಕಡಿಮೆ ಆಗಿರಲಿಲ್ಲ. ತಿನ್ನೋದು ಕಡಿಮೆ ಆಗಿತ್ತು. ಮೂರೂವರೆ ಗಂಟೆಯಲ್ಲಿ ನಾನು ತಿಂದಿದ್ದು ಎರಡೇ ಎರಡು ಬಾಳೆಹಣ್ಣು.

ಲೆಕ್ಕ ಸುಲಭ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ 400ರಿಂದ 500 ಗ್ರಾಂ. 42.195 ಕಿಲೋಮೀಟರ್ ಓಡೋಕೆ ಅದು ಸಾಲೋದಿಲ್ಲ. 30–35ರ ಸುಮಾರಿಗೆ ತಳ ಕಾಣುತ್ತೆ. ನಮ್ಮ ಗುಂಪಿನಲ್ಲಿ ಇದನ್ನು ‘ವಾಲ್’, ಅಂದರೆ ಗೋಡೆ, ಅಂತಲೇ ಕರೀತೀವಿ. ಅದನ್ನು ಮುಂದಕ್ಕೆ ತಳ್ಳಬೇಕಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ಸ್ (ಸಕ್ಕರೆ-ಪಿಷ್ಟದ ಅಂಶ) ಹೊಟ್ಟೆಗೆ ಹೋಗ್ತಾ ಇರಬೇಕು, ಅದೂ ಓಡುತ್ತಲೇ.

ಪ್ರಯೋಗಕ್ಕೆ ಜಾಗ ನಮ್ಮ ಮೈಸೂರಿನದೇ. ನಸುಕಿನಲ್ಲಿ ಮಾನಸಗಂಗೋತ್ರಿಯ ರಸ್ತೆಗಳು, ಬೆಳಕಾದ ಮೇಲೆ ಕುಕ್ಕರಹಳ್ಳಿ ಕೆರೆ ಏರಿ. ಒಟ್ಟು 28 ಕಿಲೋಮೀಟರ್. ಹಿಂದಿನ ರಾತ್ರಿ ಅದೇ ಅನ್ನ-ಸಾರು, ಬೆಳಿಗ್ಗೆ ಅದೇ ಎರಡು ಸ್ಲೈಸ್ ಬ್ರೆಡ್ಡು, ಅದೇ ಕಾಫಿ. ಕೊನೆಯ 5 ಕಿಲೋಮೀಟರ್‌ನ ವೇಗ ಬರೆದಿಟ್ಟುಕೊಳ್ತಿದ್ದೆ. ಇದು ಒಬ್ಬಳ ಹೊಟ್ಟೆಯ ಕಥೆ, ನಿಮ್ಮದು ಬೇರೆ ಇರಬಹುದು. ಸಕ್ಕರೆ ಕಾಯಿಲೆ ಇದ್ದರಂತೂ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಕಡಲೆಕಾಯಿ ಚಿಕ್ಕಿ ಮೊದಲ ಭಾನುವಾರವೇ ಪಟ್ಟಿಯಿಂದ ಹೋಯಿತು. ಏದುಸಿರು ಬಿಡುವಾಗ ಒಣ ಪುಡಿ ಗಂಟಲಿಗೆ ಸಿಕ್ಕಿ ಎರಡು ಸಲ ಕೆಮ್ಮುತ್ತಾ ನಿಂತೆ. ಕಡಲೆಕಾಯಿಯಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತೆ, ಬೇಗ ಕರಗೋದಿಲ್ಲ. ದಿನವಿಡೀ ನಡೆಯುವ ಚಾರಣಕ್ಕೆ ಅದು ಬಲು ಒಳ್ಳೇದು. ಓಟಕ್ಕೆ ಬೇಡ.

ಬಾಳೆಹಣ್ಣು ಓಟದ ಮುಂಚೆ ಚಿನ್ನ. ಓಟದ ನಡುವೆ ಹೊತ್ತುಕೊಂಡು ಹೋಗೋದು ಕಷ್ಟ. ಏಲಕ್ಕಿ ಬಾಳೆಯನ್ನೇ ಆರಿಸಿದ್ದೆ, ಪುಟ್ಟದು, ಸಿಪ್ಪೆ ತೆಳು. ಆದರೂ 8ನೇ ಕಿಲೋಮೀಟರ್‌ಗೆ ಬೆಲ್ಟಿನಲ್ಲಿ ಗೊಜ್ಜಾಗಿತ್ತು. ನಂಜನಗೂಡು ರಸಬಾಳೆಯನ್ನು ಹಾಗೆ ಹಾಳು ಮಾಡೋಕೆ ಮನಸ್ಸೇ ಬರಲಿಲ್ಲ. ಅದು ಮನೆಗೆ ಬಂದು ಸ್ನಾನ ಮಾಡಿ, ಕೂತು ತಿನ್ನುವ ಹಣ್ಣು.

ಖರ್ಜೂರಕ್ಕೆ ಸ್ವಲ್ಪ ಜಾಸ್ತಿ ಮರ್ಯಾದೆ ಕೊಡಬೇಕು. ಬೀಜ ತೆಗೆದು, ಒಳಗೆ ಒಂದು ಚಿಟಿಕೆ ಉಪ್ಪು ಹಾಕಿ, ಎರಡೆರಡನ್ನು ಉಂಡೆ ಮಾಡಿ ಬಟರ್ ಪೇಪರ್‌ನಲ್ಲಿ ಸುತ್ತಿದ್ದೆ. 20 ಕಿಲೋಮೀಟರ್ ತನಕ ಇದಕ್ಕಿಂತ ರುಚಿಯಾದದ್ದು ಇಲ್ಲ ಅನಿಸಿತು. ಆಮೇಲೆ ಅಗಿಯೋದೇ ಒಂದು ಕೆಲಸ ಆಯಿತು. ಬಾಯಿ ಒಣಗಿರುತ್ತೆ, ಮೂಗಿನಲ್ಲಿ ಉಸಿರು ಸಾಲೋದಿಲ್ಲ, ಉಂಡೆ ಬಾಯಲ್ಲೇ ಉಳಿಯುತ್ತೆ. ನಾರಿನಂಶ ಇರುವುದರಿಂದ ಹೊಟ್ಟೆಯೂ ಗುಡುಗುಡು ಅಂತು. ಕೊನೆಯ 5 ಕಿಲೋಮೀಟರ್‌ನಲ್ಲಿ ಕಿಲೋಮೀಟರ್‌ಗೆ 6 ನಿಮಿಷ 41 ಸೆಕೆಂಡ್. ಹಾಫ್ ಮ್ಯಾರಥಾನ್ ಓಡುವವರಿಗೆ ನಾನು ಧೈರ್ಯವಾಗಿ ಖರ್ಜೂರ ಸಾಕು ಅಂತೀನಿ.

ಇನ್ನು ಜೆಲ್. ಒಂದು ಸ್ಯಾಶೆಯಲ್ಲಿ 22 ಗ್ರಾಂ ಕಾರ್ಬ್ಸ್, ನಾನು ಕೊಂಡ ಬೆಲೆ 100 ರೂಪಾಯಿಯ ಆಸುಪಾಸು. ಒಳಗಿರೋದು ಮುಖ್ಯವಾಗಿ ಮಾಲ್ಟೋಡೆಕ್ಸ್‌ಟ್ರಿನ್, ಜೊತೆಗೆ ಫ್ರಕ್ಟೋಸ್. ಈ ಜೋಡಿಗೆ ಕಾರಣ ಇದೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಿಂದ ರಕ್ತಕ್ಕೆ ಸೇರೋದು ಬೇರೆ ಬೇರೆ ದಾರಿಯಲ್ಲಿ. ಒಂದೇ ದಾರಿಯಲ್ಲಿ ನೂಕುನುಗ್ಗಲು ಆಗೋದಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಗ್ಲೂಕೋಸಿನ ಸರಪಳಿಯೇ ಆದರೂ ಸಕ್ಕರೆಯಷ್ಟು ಸಿಹಿ ಇರೋದಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಮೂರು ಗಂಟೆ ಓಡಿದ ಮೇಲೆ ಗೊತ್ತಾಗುತ್ತೆ.

ಜೆಲ್ ಜೊತೆ ನನ್ನ ಮೊದಲ ಅನುಭವ ಕೆಟ್ಟದಾಗಿತ್ತು. ತಪ್ಪು ನನ್ನದೇ. ಜೆಲ್ ನುಂಗಿ, ಮೇಲೆ ನೀರಿನ ಬದಲು ಎನರ್ಜಿ ಡ್ರಿಂಕ್ ಕುಡಿದೆ. ಸಕ್ಕರೆಯ ಮೇಲೆ ಸಕ್ಕರೆ. ಅಷ್ಟು ಗಟ್ಟಿ ದ್ರವ ಹೊಟ್ಟೆಯಲ್ಲಿದ್ದರೆ ಮೈಯೊಳಗಿನ ನೀರೇ ಕರುಳಿನ ಕಡೆ ಬರುತ್ತೆ. ಹತ್ತು ನಿಮಿಷದಲ್ಲಿ ಹೊಟ್ಟೆ ಹಿಂಡಿ, ಏರಿ ಮೇಲಿನ ಬೆಂಚಿನಲ್ಲಿ ಕೂತೆ. ಮುಂದಿನ ಸಲ ಬರೀ ನೀರು ಕುಡಿದೆ, ಏನೂ ಆಗಲಿಲ್ಲ. ಕೊನೆಯ 5 ಕಿಲೋಮೀಟರ್ 6 ನಿಮಿಷ 20 ಸೆಕೆಂಡ್. ಸ್ಯಾಶೆ ಹರಿದಾಗ ಬರುವ ಆ ಸಣ್ಣ ಚೂರನ್ನು ದಯವಿಟ್ಟು ಜೇಬಿಗೆ ಹಾಕಿಕೊಳ್ಳಿ. ಏರಿ ಮೇಲೆ ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತೆ.

ಜೋನಿ ಬೆಲ್ಲದ ಯೋಚನೆ ಬಂದಿದ್ದು ದೋಸೆ ತಿನ್ನುವಾಗ. ಅಮ್ಮನ ತವರು ತೀರ್ಥಹಳ್ಳಿ ಕಡೆ. ಆಲೆಮನೆ ಮುಗಿದ ಮೇಲೆ ಸೋದರಮಾವ ಪ್ರತಿ ವರ್ಷ ಒಂದು ಡಬ್ಬ ಕಳಿಸ್ತಾರೆ. ಚಮಚದಿಂದ ದೋಸೆ ಮೇಲೆ ಅದು ನಿಧಾನಕ್ಕೆ ಇಳಿಯೋದನ್ನು ನೋಡ್ತಾ, ಇದೂ ಜೆಲ್ಲೇ ಅಲ್ವಾ ಅನಿಸಿತು. ಕಬ್ಬಿನ ಹಾಲನ್ನು ಅಚ್ಚು ಬೆಲ್ಲದ ಹದಕ್ಕೆ ಹೋಗೋ ಮುಂಚೆಯೇ ಇಳಿಸಿಬಿಟ್ಟರೆ ಜೋನಿ. ಅದರಲ್ಲಿ ಮುಖ್ಯವಾಗಿ ಇರೋದು ಸುಕ್ರೋಸ್. ಹೊಟ್ಟೆಗೆ ಹೋದ ಮೇಲೆ ಅದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತೆ. ಅಂದರೆ ಎರಡೂ ದಾರಿ ಇಲ್ಲೂ ತೆರೆದಿದೆ.

“ದೋಸೆಗೆ ಇಟ್ಟ ಬೆಲ್ಲಾನ ಓಡೋಕೆ ತಗೊಂಡು ಹೋಗ್ತೀಯಾ?” ಅಂತ ಅಮ್ಮ ಕೇಳಿದರು. ಆದರೆ ಸೋಸೋಕೆ ಬಟ್ಟೆ ತಂದುಕೊಟ್ಟವರೂ ಅವರೇ.

ಮೊದಲು ಹಾಗೇ ತುಂಬಿಸಿಕೊಂಡು ಹೋದೆ. ತೀರಾ ಗಟ್ಟಿ. ಹಿಂಡಿ ಕುಡಿಯುವ ಮೆತ್ತನೆ ಫ್ಲಾಸ್ಕ್, ಎಷ್ಟು ಹಿಂಡಿದರೂ ಬರಲಿಲ್ಲ. ತಿಂಗಳುಗಟ್ಟಲೆ ಇಟ್ಟ ಡಬ್ಬದ ತಳದಲ್ಲಿ ಹರಳು ಕಟ್ಟಿರುತ್ತೆ, ಅದು ಮೂತಿಯಲ್ಲಿ ಸಿಕ್ಕಿಕೊಳ್ತು. ಮೂರನೇ ಭಾನುವಾರಕ್ಕೆ ಹದ ಸಿಕ್ಕಿತು: 120 ಗ್ರಾಂ ಜೋನಿ ಬೆಲ್ಲ, ಎರಡು ಚಮಚ ಬಿಸಿನೀರು, ಅರ್ಧ ನಿಂಬೆಹಣ್ಣಿನ ರಸ, ಕಾಲು ಟೀ ಚಮಚ ಉಪ್ಪು. ಕಲಸಿ ಬಟ್ಟೆಯಲ್ಲಿ ಸೋಸಬೇಕು. ಒಂದು ಸಲ ಶುಂಠಿ ರಸವನ್ನೂ ಹಾಕಿದೆ. ರಾಮನವಮಿ ಪಾನಕ ಗಟ್ಟಿಯಾಗಿ ಬಾಯಿಗೆ ಬಂದ ಹಾಗಿತ್ತು. ಇಷ್ಟೂ 150 ಮಿಲಿ ಹಿಡಿಯುವ ಆ ಫ್ಲಾಸ್ಕ್‌ನಲ್ಲಿ ಕೂರುತ್ತೆ. ಸುಮಾರು 80 ಗ್ರಾಂ ಕಾರ್ಬ್ಸ್, ಅಂದರೆ ಹತ್ತಿರ ಹತ್ತಿರ ನಾಲ್ಕು ಜೆಲ್. ಅರ್ಧ ಗಂಟೆಗೊಮ್ಮೆ 30 ಮಿಲಿ, ಮೇಲೆ ನಾಲ್ಕೈದು ಗುಟುಕು ನೀರು.

ಆ ಭಾನುವಾರದ ಕೊನೆಯ 5 ಕಿಲೋಮೀಟರ್: 6 ನಿಮಿಷ 22 ಸೆಕೆಂಡ್. ಜೆಲ್‌ಗೂ ಇದಕ್ಕೂ ಎರಡೇ ಸೆಕೆಂಡ್ ಅಂತರ. ಹೊಟ್ಟೆ ತಣ್ಣಗಿತ್ತು. ಕೆರೆ ಏರಿ ಮೇಲೆ ನಿಂತು ನಿಜಕ್ಕೂ ಖುಷಿಯಾಗಿ ನಕ್ಕೆ. ಮಾವನಿಗೆ ಫೋನ್ ಮಾಡಿದಾಗ, “ಎಷ್ಟು ಬೇಕಾದ್ರೂ ಕಳಿಸ್ತೀನಿ ಪುಟ್ಟಿ, ಓಡು” ಅಂದರು.

ಹಾಗಂತ ಜೋನಿಯೇ ಗೆದ್ದಿತು ಅಂತ ಹೇಳೋಕಾಗಲ್ಲ. ನವೆಂಬರ್‌ನಲ್ಲಿ 34 ಕಿಲೋಮೀಟರ್ ಓಡಿದಾಗ ಅದರ ಮಿತಿ ಕಂಡಿತು. ಮೂರು ಗಂಟೆ ದಾಟಿದ ಮೇಲೆ ಆ ಸಿಹಿ ಬಾಯಿಗೆ ಹತ್ತಲೇ ಇಲ್ಲ. ನಾಲಿಗೆ ಮೇಲೆ ಅಂಟು, ಗಂಟಲಲ್ಲಿ ಅಂಟು, ಫ್ಲಾಸ್ಕ್ ನೋಡಿದರೇ ವಾಕರಿಕೆ. ಮನಸ್ಸು ಬೇಡ ಅಂದರೆ ಒಳಗೆಷ್ಟು ಗ್ರಾಂ ಇದ್ದರೂ ಉಪಯೋಗ ಇಲ್ಲ. ಅದೇ ಹೊತ್ತಿನಲ್ಲಿ ಹಣ್ಣಿನ ರುಚಿಯೇ ಇಲ್ಲದ ಸಾದಾ ಜೆಲ್ ಸುಮ್ನೆ ಇಳಿದು ಹೋಯಿತು. ಇನ್ನೊಂದು ತೊಂದರೆ ಫ್ಲಾಸ್ಕ್ ತೊಳೆಯೋದು. ಒಂದು ದಿನ ಸ್ಕೂಟರ್ ಡಿಕ್ಕಿಯಲ್ಲಿ ಮರೆತೆ. ಮಾರನೇ ದಿನ ನೋಡಿದರೆ ಕಟ್ಟಿರುವೆ ಸಾಲು ಸೀಟಿನ ತನಕ ಬಂದಿತ್ತು. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ನೆನೆಸಲೇಬೇಕು.

ದುಡ್ಡಿನ ಲೆಕ್ಕದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ತರಬೇತಿಯ ನಾಲ್ಕು ತಿಂಗಳೂ ಜೆಲ್ಲೇ ತಿಂದಿದ್ದರೆ ಆಗ್ತಿದ್ದ ಖರ್ಚಿಗೆ ಒಂದು ಜೊತೆ ಒಳ್ಳೆ ಶೂ ಬರ್ತಿತ್ತು. ಅಂಗಡಿಯಲ್ಲಿ ಕೊಂಡಿದ್ದರೂ ಒಂದು ಫ್ಲಾಸ್ಕ್ ಜೋನಿಗೆ ನನಗೆ ಆಗ 20–25 ರೂಪಾಯಿ ಬೀಳ್ತಿತ್ತು.

2025ರ ಜನವರಿಯಲ್ಲಿ ಮುಂಬೈಗೆ ಎರಡನ್ನೂ ಒಯ್ದೆ. ನಸುಕಿನಲ್ಲಿ ಓಟ ಶುರುವಾಗುವ ಸಿಎಸ್‌ಎಂಟಿ ರೈಲು ನಿಲ್ದಾಣದ ಮುಂದೆ ನಿಂತಾಗಲೇ ಕುತ್ತಿಗೆ ಬೆವರುತ್ತಿತ್ತು. ಮೈಸೂರಿನ ಚಳಿಯಿಂದ ಹೋದವರಿಗೆ ಆ ಸಮುದ್ರದ ಗಾಳಿ ಭಾರ. ಮೊದಲ ಎರಡು ಗಂಟೆ ಜೋನಿ ಬೆಲ್ಲ, ಅದಕ್ಕೆ ಉಪ್ಪು ಸ್ವಲ್ಪ ಜಾಸ್ತಿ ಹಾಕಿದ್ದೆ. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ದಾಟಿ ಸ್ವಲ್ಪ ಹೊತ್ತಿಗೆ ಫ್ಲಾಸ್ಕ್ ಖಾಲಿ. ಅಲ್ಲಿಂದ ಅರ್ಧ ಗಂಟೆಗೊಂದು ಜೆಲ್. ಪೆಡ್ಡರ್ ರೋಡಿನ ಏರು ಸಿಗೋದು ಕೊನೆಯ ಭಾಗದಲ್ಲಿ, ಕಾಲಲ್ಲಿ ಏನೂ ಉಳಿದಿರದ ಹೊತ್ತಿನಲ್ಲಿ. ಬಿಸಿಲೂ ಬಂದಿತ್ತು. ಸುತ್ತ ಬಹಳ ಜನ ನಡೀತಿದ್ದರು. ನಾನು ಸಣ್ಣ ಹೆಜ್ಜೆಯಲ್ಲಿ ಓಡುತ್ತಲೇ ಮೇಲೆ ಹತ್ತಿದೆ. 31ನೇ ಕಿಲೋಮೀಟರ್ ಯಾವಾಗ ಹೋಯಿತು ಅಂತ ನೋಡೋದನ್ನೇ ಮರೆತಿದ್ದೆ.

4 ಗಂಟೆ 37 ನಿಮಿಷ. ನನ್ನ ಹಳೆಯ ಸಮಯಕ್ಕಿಂತ 40 ನಿಮಿಷ ಬೇಗ. ಅದರಲ್ಲಿ ತರಬೇತಿಯ ಪಾಲೇ ದೊಡ್ಡದು. ಹೊಟ್ಟೆಗೂ ತರಬೇತಿ ಬೇಕು ಅನ್ನೋದು ಅದರೊಳಗೇ ಸೇರಿದೆ: ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ವಾರ ವಾರ ಏರಿಸಿ, 45ಕ್ಕೆ ತಂದಿದ್ದೆ. ಓಟದ ದಿನವೇ ಹೊಸದನ್ನು ಬಾಯಿಗೆ ಹಾಕಬೇಡಿ, ಜೆಲ್ ಆಗಲಿ, ಬೆಲ್ಲ ಆಗಲಿ.

ಈಗ ಎರಡು ಗಂಟೆ ಒಳಗಿನ ಓಟಕ್ಕೆ ಖರ್ಜೂರ, ಮೂರು ಗಂಟೆ ತನಕ ಜೋನಿ, ಅದರಾಚೆಗೆ ಎರಡು ಮೂರು ಜೆಲ್. ಆ ಮೂರನೇ ಗಂಟೆಯ ಅಂಟನ್ನು ಕಡಿಮೆ ಮಾಡೋಕೆ ನಿಂಬೆ ಬದಲು ಪುನರ್ಪುಳಿ ರಸ ಬೆರೆಸಿ ನೋಡಬೇಕು ಅಂತಿದೆ. ಮಾವ ಒಣ ಸಿಪ್ಪೆಯನ್ನೂ ಕಳಿಸಿದ್ದಾರೆ. ಶನಿವಾರ ರಾತ್ರಿ ನೆನೆಹಾಕ್ತೀನಿ.