ಮಿಂಟ್ ಹಾಕಿ ಒಂದೂವರೆ ವರ್ಷ, ವಿಂಡೋಸ್ ಕಿತ್ತು ನಾಲ್ಕು ತಿಂಗಳು

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಡಿಸಿ ಆಫೀಸಿಗೆ ಕೊಡುವ ಅರ್ಜಿ, ಪಹಣಿ ಪ್ರಿಂಟು, ಮದುವೆ ಕಾರ್ಡು, ಬೀಗರ ಔತಣದ ಕಾರ್ಡು, ಇಷ್ಟೇ ಕೆಲಸ. ಕಂಪ್ಯೂಟರ್ ಹಳೆಯದು, ಇಂಟೆಲ್ ಆರನೇ ಜನರೇಶನ್ ಐ3. ವಿಂಡೋಸ್ 11ಕ್ಕೆ ಕಡಿಮೆ ಅಂದರೂ ಎಂಟನೇ ಜನರೇಶನ್ ಇರಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇರೆ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೊದಲೇ ಹೇಳಿದ್ದರು. ಚೆನ್ನಾಗಿ ಓಡುತ್ತಿರುವ ಮಷೀನನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 2024ರ ನವೆಂಬರ್‌ನಲ್ಲಿ ತಂಗಿ ಮಗ ಬಂದು ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ.

ನನಗಿದ್ದ ಭಯ ಒಂದೇ, ಕನ್ನಡ ಟೈಪಿಂಗ್. ಬೆರಳಿಗೆ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಕೀಬೋರ್ಡ್ ಅಂಟಿಕೊಂಡುಬಿಟ್ಟಿದೆ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ ಅಂತ ಇದೆ, ಹೆಚ್ಚುಕಡಿಮೆ ನುಡಿಯಂಥದ್ದೇ, ಅದನ್ನು ಸೇರಿಸಿಕೊಂಡರೆ ಸಾಕು, ಎರಡು ದಿನದಲ್ಲಿ ಕೈ ಹಿಡಿಯಿತು. ಹೊಸ ಅರ್ಜಿಗಳೆಲ್ಲ ವರ್ಡ್ ಥರದ ಲಿಬ್ರೆ ಆಫೀಸ್‌ನಲ್ಲಿ, ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವಾಗೇ ಕಾಣುವ ಯುನಿಕೋಡ್‌ನಲ್ಲಿ.

ತಲೆನೋವು ಹಳೇ ಫೈಲುಗಳದ್ದು. ಹತ್ತು ವರ್ಷದ ಕೆಲಸವೆಲ್ಲ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿತ್ತು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು. ಫಾಂಟ್ ಇಲ್ಲದೆ ತೆರೆದರೆ ಎ, ಬಿ, ಸಿ, ಡಿ ಚೆಲ್ಲಾಡಿದ ಹಾಗೆ ಕಾಣುತ್ತದೆ. ಫಾಂಟ್ ಫೈಲುಗಳನ್ನು ವಿಂಡೋಸ್‌ನಿಂದ ಕಾಪಿ ಮಾಡಿಕೊಂಡ ಮೇಲೆ ಅಕ್ಷರ ಸರಿಯಾಗಿ ಬಂತು. ಯುನಿಕೋಡ್‌ಗೆ ಬದಲಾಯಿಸಿದ ಫೈಲುಗಳಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿದ್ದವು, ಅದನ್ನು ಕೂತು ತಿದ್ದಲೇಬೇಕು. ಕಾರ್ಡು ಮಾಡುತ್ತಿದ್ದ ಪೇಜ್‌ಮೇಕರ್ ಸಾಫ್ಟ್‌ವೇರಿನ ಫೈಲನ್ನು ಲಿಬ್ರೆ ಆಫೀಸ್ ಡ್ರಾ ತೆರೆಯುತ್ತದೆ, ಆದರೆ ಸಾಲೆಲ್ಲ ಜರುಗಿ, ಗಂಡಿನ ಹೆಸರು ಹೋಗಿ ಹೆಣ್ಣಿನ ತಂದೆಯ ಹೆಸರಿನ ಮೇಲೆ ಕೂತಿರುತ್ತದೆ.

ಅದಕ್ಕೇ ಹದಿನಾಲ್ಕು ತಿಂಗಳು ಎರಡನ್ನೂ ಇಟ್ಟುಕೊಂಡಿದ್ದೆ. ಅದರಲ್ಲೂ ಕಿರಿಕಿರಿ ಇತ್ತು. ಮಿಂಟ್‌ನಿಂದ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಯಾಕಂದರೆ ಲಿನಕ್ಸ್ ಮಷೀನಿನ ಗಡಿಯಾರವನ್ನು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಟೈಮು ಅಂದುಕೊಳ್ಳುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮು ಅಂದುಕೊಳ್ಳುತ್ತದೆ. ಬೇಗ ಏಳಲೆಂದು ವಿಂಡೋಸ್ ಪೂರ್ತಿ ಆಫ್ ಆಗದಂತೆ ಇಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಅದರ ಡ್ರೈವ್‌ಗೆ ಮಿಂಟ್‌ನಿಂದ ಏನೂ ಬರೆಯಲಾಗುವುದಿಲ್ಲ. ಕೊನೆಕೊನೆಗೆ ತಿಂಗಳಿಗೊಮ್ಮೆ ತೆರೆದರೆ ಹೆಚ್ಚು, ಅದಕ್ಕೋಸ್ಕರ ಸುಮ್ನೆ ಅರ್ಧ ಡಿಸ್ಕ್ ಯಾಕೆ ಬಿಡೋದು?

ಈ ಜನವರಿಯಲ್ಲಿ ಕೀಳಲು ಕೂತೆ. ವಿಂಡೋಸ್ ಮೇಲೆ ಹೊಸ ವಿಂಡೋಸ್ ಹಾಕಿದರೆ ಹಳೆಯದು ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿನಲ್ಲಿ 10 ದಿನ ಇದ್ದು ಆಮೇಲೆ ತಾನೇ ಹೋಗುತ್ತದೆ. ಇಲ್ಲಿ ನಾವೇ ಕೈಯಾರೆ ತೆಗೆಯಬೇಕು. ಮೊದಲು ಪೇಜ್‌ಮೇಕರ್ ಫೈಲುಗಳನ್ನೆಲ್ಲ ವಿಂಡೋಸ್‌ನಲ್ಲೇ ಪಿಡಿಎಫ್ ಮಾಡಿ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದೆ, ಎರಡು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಮಾಡಿ, ಡಿಸ್ಕನ್ನು ಭಾಗ ಮಾಡುವ ಜಿಪಾರ್ಟೆಡ್‌ನಲ್ಲಿ ವಿಂಡೋಸ್ ಇದ್ದ ದೊಡ್ಡ ಪಾರ್ಟಿಶನ್, ಅಂದರೆ ಡಿಸ್ಕಿನ ಆ ಭಾಗ, ಡಿಲೀಟ್ ಮಾಡಿದೆ. ಅದರ ಪಕ್ಕ ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಶನ್ ಇರುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಮಿಂಟ್ ಏಳುವುದೂ ಅದರಿಂದಲೇ.

ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆ, ಒಂದೂವರೆ ನಿಮಿಷ ಎಣಿಸಿತು, ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ಬಂತು. ಹೊರಗೆ ಇಬ್ಬರು ಅರ್ಜಿ ಹಿಡಿದು ನಿಂತಿದ್ದಾರೆ. ತಂಗಿ ಮಗನಿಗೆ ಫೋನ್ ಹಾಕಿದರೆ, "ಮಾವ, ಸಿ ಡ್ರೈವ್ ತಾನಾಗೇ ತೆರೆಯಲಿ ಅಂತ ಎಫ್‌ಎಸ್‌ಟ್ಯಾಬ್‌ನಲ್ಲಿ ಏನಾದರೂ ಬರೆದಿದ್ರಾ?" ಅಂದ. ಮಿಂಟ್ ಏಳುವಾಗ ಯಾವ ಡ್ರೈವ್ ತೆರೆಯಬೇಕು ಅಂತ ಬರೆದಿಡುವ ಫೈಲು ಅದು. ಬರೆದಿದ್ದೆ, ಮರೆತಿದ್ದೆ. ಇಲ್ಲದ ಡ್ರೈವ್‌ಗೆ ಅದು ಕಾಯುತ್ತಾ ಕೂತಿತ್ತು. ಮತ್ತೆ ಪೆನ್‌ಡ್ರೈವ್ ಹಾಕಿ ಆ ಒಂದು ಸಾಲಿನ ಮುಂದೆ ಹ್ಯಾಶ್ ಗುರುತು ಇಟ್ಟೆ, ಎದ್ದಿತು. ತಪ್ಪು ನನ್ನದೇ.

ಇಷ್ಟಾದರೂ ಬೂಟ್ ಮೆನುವಿನಲ್ಲಿ ವಿಂಡೋಸ್ ಹೆಸರು ಹಾಗೇ ಇತ್ತು, ಆ ಮೆನುವನ್ನು ಹೊಸದು ಮಾಡುವ ಅಪ್‌ಡೇಟ್-ಗ್ರಬ್ ಓಡಿಸಿದರೂ ಹೋಗಲಿಲ್ಲ. ಇಎಫ್‌ಐ ಒಳಗೆ ಮೈಕ್ರೋಸಾಫ್ಟ್ ಅಂತ ಫೋಲ್ಡರ್ ಉಳಿದಿರುತ್ತದೆ, ಮೆನು ತೋರಿಸುವ ಗ್ರಬ್ ಅದನ್ನು ನೋಡಿ ವಿಂಡೋಸ್ ಇದೆ ಅಂದುಕೊಳ್ಳುತ್ತದೆ. ಆ ಫೋಲ್ಡರ್ ತೆಗೆದು ಮತ್ತೆ ಓಡಿಸಿದ ಮೇಲೆ ಹೋಯಿತು.

ಖಾಲಿಯಾದ ಜಾಗವನ್ನು ಮಿಂಟ್‌ನ ಪಾರ್ಟಿಶನ್‌ಗೇ ಸೇರಿಸಬಹುದಿತ್ತು. ಆದರೆ ಆ ಜಾಗ ಮಿಂಟ್‌ನ ಎಡಗಡೆ ಇರುವುದರಿಂದ ಡೇಟಾ ಪೂರ್ತಿ ಜರುಗಿಸಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ? ನನ್ನ ಯುಪಿಎಸ್ ಹದಿನೈದು ನಿಮಿಷದ್ದು. ಅದಕ್ಕೇ ಆ ಜಾಗವನ್ನು ಬೇರೆಯೇ ಪಾರ್ಟಿಶನ್ ಮಾಡಿ ಹಳೇ ಪಿಡಿಎಫ್ ತುಂಬಿದ್ದೇನೆ.

ನಾಲ್ಕು ತಿಂಗಳಲ್ಲಿ ವಿಂಡೋಸ್ ಬೇಕು ಅನ್ನಿಸಿದ್ದು ಒಂದೇ ಸಲ. ಹಳೇ ಗಿರಾಕಿಯೊಬ್ಬರು ದೊಡ್ಡ ಮಗನ ಬೀಗರ ಔತಣದ ಕಾರ್ಡ್ ತಂದು, "ಹೆಸರು ಮಾತ್ರ ಬದಲಾಯಿಸಿ, ಇದೇ ಥರ ಇರಲಿ" ಅಂದರು. ಪಿಡಿಎಫ್ ಎದುರಿಗಿಟ್ಟುಕೊಂಡು ಹೊಸದಾಗಿ ಟೈಪ್ ಮಾಡಿ ಕೊಟ್ಟೆ. ಮುಕ್ಕಾಲು ಗಂಟೆ ಜಾಸ್ತಿ ಹಿಡಿಯಿತು, ಅದಕ್ಕೆ ದುಡ್ಡು ಕೇಳಲಿಲ್ಲ.