ಒಂದೂಕಾಲು ವರ್ಷ ಡಿಫ್ಯೂಸರ್ ಬಳಸಿದ ಮೇಲೆ: ಎಣ್ಣೆ ಇರಲಿ, ಮೆಷಿನ್ ಬೇಡ

ಟಿವಿ ಪಕ್ಕದ ಕಪ್ಪು ಮೇಜಿನ ಮೇಲೆ ಬೆರಳು ಎಳೆದರೆ ಬಿಳಿ ಪುಡಿ ಅಂಟುತ್ತಿತ್ತು. ಮೊದಲು ರಸ್ತೆ ಧೂಳು ಅಂದುಕೊಂಡೆ. ನಮ್ಮ ಮನೆ ಕನಕಪುರ ರಸ್ತೆ ಕಡೆ, ಅಕ್ಕಪಕ್ಕ ಯಾವಾಗಲೂ ಒಂದು ಕಟ್ಟಡ ಏಳುತ್ತಲೇ ಇರುತ್ತದೆ. ಆದರೆ ಈ ಪುಡಿ ಕಿಟಕಿ ಮುಚ್ಚಿದ್ದರೂ ಬರುತ್ತಿತ್ತು, ಅದೂ ಡಿಫ್ಯೂಸರ್ (ಪರಿಮಳದ ಎಣ್ಣೆ ಬೆರೆಸಿದ ನೀರನ್ನು ಮಂಜಾಗಿ ಹಾರಿಸುವ ಮೆಷಿನ್) ಇಟ್ಟ ಕೋಣೆಯಲ್ಲಿ ಮಾತ್ರ. ಇವತ್ತು ಬರೆಯಲು ಕೂತಿದ್ದು ಮುಖ್ಯವಾಗಿ ಆ ಪುಡಿಗಾಗಿ.

ಮೆಷಿನ್ ಕೊಂಡಿದ್ದು 2023ರ ಅಕ್ಟೋಬರ್‌ನಲ್ಲಿ, 1,850 ರೂಪಾಯಿ ಕೊಟ್ಟು. ಟ್ಯಾಂಕ್ ಎಷ್ಟು, ದೀಪ ಎಷ್ಟು ಬಣ್ಣ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ. ಬ್ಯಾಂಕ್ ಕೌಂಟರಿನಲ್ಲಿ ದಿನವಿಡೀ ಕೂತು ಬಂದ ಮೇಲೆ ರಾತ್ರಿ ಹನ್ನೆರಡಾದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಲ್ಯಾವೆಂಡರ್ ಎಣ್ಣೆ ಹಾಕಿ ನೋಡಿ ಎಂದು ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದರು. ಅರೋಮಾಥೆರಪಿ (ಗಿಡಗಳ ಪರಿಮಳದ ಎಣ್ಣೆಯಿಂದ ಮಾಡುವ ಉಪಚಾರ) ಎಂಬ ಪದವನ್ನು ನಾನು ಸರಿಯಾಗಿ ಓದಿಕೊಂಡಿದ್ದೇ ಆಗ. ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟೆಫೋಸೆ, 1930ರ ದಶಕದಲ್ಲಿ. ಹೂವು, ಎಲೆ, ಬೇರುಗಳನ್ನು ಹಬೆಯಲ್ಲಿ ಬೇಯಿಸಿ ಪರಿಮಳದ ಎಣ್ಣೆ ತೆಗೆಯುವುದು ಮಾತ್ರ ಅದಕ್ಕಿಂತ ಬಹಳ ಹಳೆಯದು. ನೆಗಡಿಯಾದಾಗ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ, ಹೊದಿಕೆ ಮುಚ್ಚಿಕೊಂಡು ಹಬೆ ತೆಗೆದುಕೊಂಡವರೆಲ್ಲ ಇದನ್ನು ಹೆಸರು ಗೊತ್ತಿಲ್ಲದೆಯೇ ಮಾಡಿದವರು.

ಮೊದಲ ನಾಲ್ಕು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಮೊಬೈಲನ್ನು ಹಾಲ್‌ನಲ್ಲೇ ಚಾರ್ಜಿಗೆ ಇಟ್ಟು ಕೋಣೆಗೆ ಬರುವುದು. ಟ್ಯಾಂಕಿಗೆ ನೀರು, ಅದಕ್ಕೆ ನಾಲ್ಕು ಹನಿ. ಹನಿ ಎಣಿಸುವ ಕೆಲಸ ಮಗಳದ್ದು. ಬಾಟಲಿ ಓರೆ ಮಾಡಿದರೆ ಹನಿ ತಕ್ಷಣ ಬೀಳುವುದಿಲ್ಲ, ಸ್ವಲ್ಪ ಕಾಯಿಸುತ್ತದೆ. ಅವಳು ಉಸಿರು ಹಿಡಿದು "ಒಂದು..." ಅನ್ನುತ್ತಿದ್ದಳು. ಟ್ಯೂಬ್‌ಲೈಟ್ ಆರಿಸಿದರೆ ಮಂಜಿನ ಎಳೆಯೊಂದು ಮೇಲೇಳುತ್ತಿತ್ತು. ಹನ್ನೊಂದರೊಳಗೆ ಕಣ್ಣು ಮುಚ್ಚುತ್ತಿತ್ತು. ಲ್ಯಾವೆಂಡರಿನಿಂದ ಆತಂಕ ಸ್ವಲ್ಪ ತಗ್ಗುತ್ತದೆ, ನಿದ್ದೆಗೆ ಅನುಕೂಲವಾಗುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಅದು ಔಷಧಿಗೆ ಬದಲಿಯಲ್ಲ. ನನ್ನ ನಿದ್ದೆಯಲ್ಲಿ ಎಣ್ಣೆಯ ಪಾಲೆಷ್ಟು, ಮೊಬೈಲ್ ದೂರ ಇಟ್ಟಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲು ನನ್ನಿಂದ ಆಗುವುದಿಲ್ಲ.

2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ ಬೇಸಿಗೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿ, ಪೂರ್ತಿ ಟ್ಯಾಂಕರ್ ನೀರೇ ಗತಿ. ಬಕೆಟ್ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುವಂಥ ಗಡಸು ನೀರು. ಅದನ್ನೇ ಡಿಫ್ಯೂಸರಿಗೂ ಹಾಕುತ್ತಿದ್ದೆ. ಈ ಮೆಷಿನ್ ನೀರು ಕಾಯಿಸುವುದಿಲ್ಲ. ಒಳಗೊಂದು ಪುಟ್ಟ ಬಿಲ್ಲೆ ಅತಿ ವೇಗವಾಗಿ ಕಂಪಿಸಿ ನೀರನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಹಾರಿಸುತ್ತದೆ. ಕುದಿಸಿದರೆ ಸುಣ್ಣದಂಶ ಪಾತ್ರೆಯಲ್ಲೇ ಉಳಿಯುತ್ತದೆ. ಇಲ್ಲಿ ಅದೂ ಹನಿಯ ಜೊತೆಗೇ ಹಾರುತ್ತದೆ. ಹನಿ ಗಾಳಿಯಲ್ಲೇ ಆರಿ ಪುಡಿ ಉಳಿಯುತ್ತದೆ. ಮೇಜಿನ ಮೇಲೆ ಕಂಡಿದ್ದು ಅದೇ. ಮೇಜಿನ ಮೇಲೆ ಕೂತಿದ್ದು ನಮ್ಮ ಮೂಗಿನೊಳಗೂ ಹೋಗಿರುತ್ತದೆ ಅಲ್ವಾ?

ಮಾರಿದವರಿಗೆ ಫೋನ್ ಮಾಡಿದರೆ, ನೀರಿನ ತೊಂದರೆ ವಾರಂಟಿಗೆ ಬರುವುದಿಲ್ಲ ಎಂದರು. ಗಡಸು ನೀರು ಹಾಕಬೇಡಿ ಎಂಬ ಒಂದು ಸಾಲು ಅವರು ಕೊಟ್ಟ ಚೀಟಿಯಲ್ಲಿ ಇರಲಿಲ್ಲ. ಬೆಂಗಳೂರಿನ ಅರ್ಧ ಊರು ಬೋರ್‌ವೆಲ್ ನೀರು ಬಳಸುವಾಗ ಆ ಸಾಲು ಬೇಡವೇ? ಆಮೇಲೆ ಆರ್‌ಓ ನೀರು ಹಾಕಿದೆ. ವಾರಕ್ಕೊಮ್ಮೆ ವಿನೆಗರ್‌ನಲ್ಲಿ ಹತ್ತಿ ಅದ್ದಿ ಬಿಲ್ಲೆ ಒರೆಸಿದೆ. ಪುಡಿ ನಿಂತಿತು. ಕಿತ್ತಳೆ ಎಣ್ಣೆ ಹಾಕಿದ್ದಕ್ಕೆ ಪ್ಲಾಸ್ಟಿಕ್ ಮುಚ್ಚಳ ಮಂಕಾಗಿ ಬಿರುಕು ಬಿಟ್ಟಿತು. ಆ ಎಣ್ಣೆಯಲ್ಲಿರುವ ಲಿಮೊನೀನ್ ಎಂಬ ರಾಸಾಯನಿಕ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಇಷ್ಟನ್ನು ಸಹಿಸಬಹುದಿತ್ತು.

ಸಹಿಸಲಾಗದ್ದು ಆದದ್ದು ಮರು ಜನವರಿಯಲ್ಲಿ. ಅಮ್ಮ ತುಮಕೂರಿನಿಂದ ಬಂದಿದ್ದರು. ಅವರಿಗೆ ಉಬ್ಬಸ ಇದೆ. ಚಳಿಗೆ ಮೂಗು ಕಟ್ಟಿತ್ತು. ಒಳ್ಳೆಯದಾಗಲಿ ಎಂದೇ ಎಂಟು ಹನಿ ನೀಲಗಿರಿ ಎಣ್ಣೆ ಹಾಕಿ, ಬಾಗಿಲು ಮುಚ್ಚಿ ಬಂದೆ. ಇಪ್ಪತ್ತು ನಿಮಿಷಕ್ಕೆ ಕೆಮ್ಮು ಶುರುವಾಯಿತು. "ಅದನ್ನ ಆಫ್ ಮಾಡೇ, ಉಸಿರು ಕಟ್ಟುತ್ತೆ" ಎಂದು ಅಮ್ಮ ಕೂಗಿದ್ದು ಅಡುಗೆಮನೆಗೆ ಕೇಳಿಸಿತು. ಇನ್‌ಹೇಲರ್ ತೆಗೆದುಕೊಂಡ ಮೇಲೂ ಅರ್ಧ ಗಂಟೆ ಏದುಸಿರು ನಿಲ್ಲಲಿಲ್ಲ. ಉಬ್ಬಸ ಇರುವವರಿಗೆ ಗಾಢ ವಾಸನೆ, ಸಹಜದ್ದೇ ಆಗಿರಲಿ, ತೊಂದರೆ ತರಬಹುದು ಎಂದು ಡಾಕ್ಟರ್ ವಿವರಿಸಿದರು. ಪುಟ್ಟ ಮಕ್ಕಳ ಮೂಗಿನ ಹತ್ತಿರ ನೀಲಗಿರಿ ಎಣ್ಣೆ, ಕರ್ಪೂರ ಹಚ್ಚುವುದೂ ಅಪಾಯ. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ನಮ್ಮ ಕಡೆ ಇದು ಮನೆಮನೆಯ ರೂಢಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಾಟಲಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಆ ರಾತ್ರಿ ನನಗೆ ಹೊಳೆದಿದ್ದು ಇಷ್ಟೆ. ಮೆಷಿನ್ ಇಡೀ ಕೋಣೆಗೆ ಉಸಿರು ಹಂಚುತ್ತದೆ. ಬೇಕಾದವರಿಗೂ ಬೇಡದವರಿಗೂ ಒಂದೇ ಪ್ರಮಾಣ. ಪಕ್ಕದಲ್ಲಿ ಮಲಗಿದವರನ್ನು ಅದು ಕೇಳುವುದಿಲ್ಲ. ಮರುದಿನವೇ ಮೆಷಿನ್ ಅಟ್ಟ ಸೇರಿತು.

ಎಣ್ಣೆಗಳನ್ನು ಮಾತ್ರ ಬಿಡಲಿಲ್ಲ. ಲ್ಯಾವೆಂಡರ್ ಒಂದು ಹನಿ ಕರವಸ್ತ್ರಕ್ಕೆ ಹಾಕಿ ದಿಂಬಿನ ಪಕ್ಕ ಇಡುತ್ತೇನೆ. 10 ಎಂಎಲ್‌ಗೆ 450 ರೂಪಾಯಿ. ಮೆಷಿನ್ನಿನಲ್ಲಿ ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದುದು ಈಗ ಆರು ತಿಂಗಳು ಬರುತ್ತದೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ನೆಲ ಒರೆಸುವ ನೀರಿಗೆ ಎರಡು ಹನಿ. ಮೈಗೆ ಹಚ್ಚುವುದಾದರೆ ಯಾವುದನ್ನೂ ನೇರವಾಗಿ ಹಚ್ಚಬೇಡಿ, ಉರಿ ಏಳುತ್ತದೆ. 30 ಎಂಎಲ್ ಕೊಬ್ಬರಿ ಎಣ್ಣೆಗೆ ಐದಾರು ಹನಿ ಸಾಕು, ಅದನ್ನೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಒಮ್ಮೆ 15 ಎಂಎಲ್ ಶ್ರೀಗಂಧದ ಎಣ್ಣೆ 299 ರೂಪಾಯಿಗೆ ಸಿಕ್ಕಿತೆಂದು ತಂದೆ. ಅಸಲಿ ಗಂಧದೆಣ್ಣೆ ಆ ಬೆಲೆಗೆ ಸಿಗಲು ಸಾಧ್ಯವೇ ಇಲ್ಲ. ಅದು ಸುಮ್ನೆ ಸೆಂಟು. ಈಗ ಲೇಬಲ್ ಮೇಲೆ ಗಿಡದ ಪೂರ್ತಿ ಶಾಸ್ತ್ರೀಯ ಹೆಸರು ಇಲ್ಲದ ಬಾಟಲಿ ಮುಟ್ಟುವುದಿಲ್ಲ.

ನಾನು ನಿರೀಕ್ಷಿಸಿರದ ಸಂತೋಷ ಕೊಟ್ಟಿದ್ದು ದವನದ ಎಣ್ಣೆ. ಗಾಂಧಿ ಬಜಾರಿನಲ್ಲಿ ಕನಕಾಂಬರದ ಜೊತೆ ಸೇರಿಸಿ ಕಟ್ಟುತ್ತಾರಲ್ಲ, ಅದೇ ಬೂದು ಹಸಿರಿನ ದವನ. ಕರ್ನಾಟಕದಲ್ಲೇ ಇದನ್ನು ಬೆಳೆದು ಎಣ್ಣೆ ತೆಗೆಯುತ್ತಾರೆ, ಹೊರದೇಶದ ಸುಗಂಧ ತಯಾರಕರೂ ಕೊಳ್ಳುತ್ತಾರೆ. 5 ಎಂಎಲ್‌ಗೆ 900 ರೂಪಾಯಿ ಕೊಡುವಾಗ ಕೈ ಹಿಂಜರಿಯಿತು. ಮುಚ್ಚಳ ತೆಗೆದರೆ ಮೊದಲು ಒಣದ್ರಾಕ್ಷಿ, ಆಮೇಲೆ ಕಾದ ಬೆಲ್ಲ, ಕೊನೆಗೆ ಜಾತ್ರೆಯ ದಿನ ತೇರಿನ ಹತ್ತಿರ ನಿಂತಂಥ ವಾಸನೆ. ಹತ್ತಿಗೆ ಒಂದೇ ಹನಿ ಹಾಕಿ ಹಿತ್ತಾಳೆಯ ಕುಂಕುಮದ ಭರಣಿಯಲ್ಲಿ ಇಟ್ಟೆ. ವಾರವಾದರೂ ಹೋಗಲಿಲ್ಲ. ಭರಣಿಗೆ ಮುಚ್ಚಳ ಇದೆ, ಅದೇ ನನಗೆ ಹಿಡಿಸಿದ್ದು. ಬೇಕಾದವರು ತೆರೆಯಬಹುದು, ಸಾಕಾದಾಗ ಮುಚ್ಚಬಹುದು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಮೆಷಿನ್ ದುಡ್ಡಲ್ಲಿ ಒಳ್ಳೆಯ ಎಣ್ಣೆ ಎರಡು ಕೊಳ್ಳಿ. ಎಣ್ಣೆಗೆ ಐದಕ್ಕೆ ನಾಲ್ಕು ಅಂಕ, ಮೆಷಿನ್‌ಗೆ ಒಂದೂವರೆ.

ಹೋದ ತಿಂಗಳು ಅಮ್ಮ ಮತ್ತೆ ಬಂದಿದ್ದರು. ಭರಣಿಯನ್ನು ದೂರದಿಂದಲೇ ತೋರಿಸಿದೆ. ಅವರೇ ಹತ್ತಿರ ಬಂದು, ಚೂರೇ ಚೂರು ಮುಚ್ಚಳ ಸರಿಸಿ ಮೂಸಿ, "ಚೈತ್ರದ ಹುಣ್ಣಿಮೆ ವಾಸನೆ ಕಣೇ" ಎಂದು ಮುಚ್ಚಿಟ್ಟರು. ಕೆಮ್ಮಲಿಲ್ಲ. ಊರಿಗೆ ಹೊರಡುವಾಗ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡರು. ನಾನು ಗಾಂಧಿ ಬಜಾರಿಗೆ ಹೋಗಿ ಇನ್ನೊಂದು ಭರಣಿ ತಂದೆ.